ನಾಲ್ಕರಲ್ಲಿ ಒಂದು: ಭಾವನ ಕಾರಿನ ಇಂಜೆಕ್ಟರ್ ಕೆಲಸದ ಟಿಪ್ಪಣಿ

ಕಾರು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್, ನಾಲ್ಕು ಸಿಲಿಂಡರ್, ಸಿಲಿಂಡರಿಗೆ ಗಾಳಿ ಹೋಗುವ ಇನ್‌ಟೇಕ್ ಪೋರ್ಟಿಗೆ ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಸಾದಾ ಎಂಪಿಎಫ್‌ಐ. 2000ದ ಆಸುಪಾಸಿನಲ್ಲಿ ಈ ನಾಲ್ಕಕ್ಷರ ಡಿಕ್ಕಿಯ ಮೇಲಿದ್ದರೆ ಅದೇ ಒಂದು ಜಂಬ. ಈಗ ಯಾರೂ ಕೇಳುವುದಿಲ್ಲ. ಕಾರಿರುವುದು ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಯಲ್ಲಿ. ಓಡಾಟ ಹೆಚ್ಚೆಂದರೆ ಪೇಟೆಯವರೆಗೆ, ಸೊಸೈಟಿಯವರೆಗೆ. ಉಳಿದ ಹೊತ್ತು ಅಡಿಕೆ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿದ್ದೆ.

ಭಾವನ ದೂರು ಇಷ್ಟು: "ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಗಡಗಡ ಅಂತದೆ ಮಾರಾಯ. ಬಿಸಿಯಾದ್ಮೇಲೆ ಸುಮಾರಾಗಿ ಸರಿ ಹೋಗ್ತದೆ. ಆದ್ರೆ ಉಡುಪಿಯಿಂದ ಬರ್ತಾ ಆಗುಂಬೆ ಘಾಟಿ ಹತ್ತುವಾಗ ಜಗ್ತದೆ, ಲೈಟ್ ಬೇರೆ ಮಿಣಮಿಣ ಅಂತದೆ." ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ, ಶಬ್ದ ಕೇಳಿ, ನಾಲ್ಕೂ ಇಂಜೆಕ್ಟರ್ ಹೊಸದು ಹಾಕಬೇಕು ಎಂದು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿಯ ಮೊತ್ತ ನೋಡಿಯೇ ನನಗೆ ಫೋನ್ ಬಂದದ್ದು.

ಲೈಟಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಚೆಕ್ ಇಂಜಿನ್ ಲೈಟ್ ಸುಮ್ಮನೆ ಉರಿಯುತ್ತಿದ್ದರೆ ಮನೆಯವರೆಗೆ ಓಡಿಸಬಹುದು. ಮಿಣುಕುತ್ತಿದ್ದರೆ ಕಾಲು ಸಡಿಲಿಸಬೇಕು. ಆ ಕ್ಷಣದಲ್ಲಿ ಇಂಜಿನ್ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿಕೊಳ್ಳುತ್ತಿದೆ ಎಂದು ಅರ್ಥ. ಇಂಜೆಕ್ಟರಿಗಿಂತ ಕನ್ವರ್ಟರ್ ಎಷ್ಟೋ ಪಟ್ಟು ದುಬಾರಿ. ಭಾವ ಅದೇ ಲೈಟಿನಲ್ಲಿ ಪೂರ್ತಿ ಘಾಟಿ ಹತ್ತಿಸಿದ್ದರು.

ಇಂಜೆಕ್ಟರ್ ಮಾಡುವ ಕೆಲಸ ಕೇಳಲು ಸರಳ. ಒಳಗೊಂದು ಕಾಯಿಲ್, ಒಂದು ಸ್ಪ್ರಿಂಗ್, ಒಂದು ಸೂಜಿ, ತುದಿಯಲ್ಲಿ ಸಣ್ಣ ತೂತುಗಳಿರುವ ಒಂದು ತಟ್ಟೆ. ಹಿಂದಿನಿಂದ ಪಂಪು 3ರಿಂದ 4 ಬಾರ್ ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತಿರುತ್ತದೆ. ಎರಡು ವೈರಿನಲ್ಲಿ ಒಂದಕ್ಕೆ ಕೀ ಆನ್ ಆದಾಗಿನಿಂದ 12 ವೋಲ್ಟ್ ಬಂದು ನಿಂತಿರುತ್ತದೆ. ಇನ್ನೊಂದನ್ನು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಅರ್ತ್ ಮಾಡಿದ ಕೂಡಲೇ ಸೂಜಿ ಮೇಲೆದ್ದು ಪೆಟ್ರೋಲ್ ಹೊರಬೀಳುತ್ತದೆ, ಬಿಟ್ಟ ಕೂಡಲೇ ಮುಚ್ಚಿಕೊಳ್ಳುತ್ತದೆ. ಬಿಸಿ ಇಂಜಿನ್ ಐಡ್ಲಿಂಗಿನಲ್ಲಿ ಈ ತೆರೆದಿರುವ ಹೊತ್ತು ಸುಮಾರು 2.5 ಮಿಲಿಸೆಕೆಂಡ್. 800 ಆರ್‌ಪಿಎಂ ಎಂದರೆ ಒಂದು ಸಿಲಿಂಡರ್ ನಿಮಿಷಕ್ಕೆ 400 ಸಲ ಉರಿಯುತ್ತದೆ. ಲೆಕ್ಕ ಹಾಕಿದರೆ ಒಂದು ಇಂಜೆಕ್ಟರ್ ಇಡೀ ನಿಮಿಷದಲ್ಲಿ ಬಾಯಿ ತೆರೆದಿರುವುದು ಒಟ್ಟು ಒಂದೇ ಒಂದು ಸೆಕೆಂಡು. ಅಷ್ಟರಲ್ಲಿ ಎರಡು ಮಿ.ಲೀ. ಚಿಲ್ಲರೆ ಪೆಟ್ರೋಲನ್ನು 400 ಸಮಪಾಲು ಮಾಡಿ, ಪ್ರತಿ ಪಾಲನ್ನೂ ಹೊಗೆಯಷ್ಟು ನುಣ್ಣಗೆ ಚದುರಿಸಬೇಕು. ತೂತಿನ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಮೇಣ ಕೂತರೂ ಪಾಲು ತಪ್ಪುತ್ತದೆ.

ಆ ಮೇಣ ಕೂರುವುದು ಕಾರು ಓಡುವಾಗ ಅಲ್ಲ, ನಿಂತ ಮೇಲೆ. ಇಂಜಿನ್ ಆಫ್ ಮಾಡಿದಾಗ ತಂಪು ಮಾಡುವ ನೀರೂ ನಿಲ್ಲುತ್ತದೆ, ಪೆಟ್ರೋಲೂ ನಿಲ್ಲುತ್ತದೆ. ಸಿಲಿಂಡರ್ ಹೆಡ್ಡಿನ ಬಿಸಿ ಮಾತ್ರ ಮೇಲೇರಿ ಇಂಜೆಕ್ಟರ್ ತುದಿಗೆ ಬರುತ್ತದೆ. ತುದಿಯಲ್ಲಿ ಉಳಿದ ಹನಿಯ ಹಗುರ ಭಾಗ ಆವಿಯಾಗಿ, ಭಾರದ ಭಾಗ ಅಲ್ಲೇ ಬೆಂದು ವಾರ್ನಿಶ್ ಆಗುತ್ತದೆ. ದಿನವಿಡೀ ಹೆದ್ದಾರಿಯಲ್ಲಿ ಓಡುವ ಟ್ಯಾಕ್ಸಿಗಿಂತ ಪೇಟೆಗೆ ಹೋಗಿ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ, ಮತ್ತೆ ನಿಲ್ಲಿಸುವ ಮನೆ ಕಾರಿಗೆ ಈ ಕಾಟ ಜಾಸ್ತಿ.

ಸ್ಕ್ಯಾನರ್ ಹೇಳಿದ್ದು, ಹೇಳದೆ ಬಿಟ್ಟದ್ದು

ಸ್ಟೇರಿಂಗ್ ಕೆಳಗೆ ಇಸಿಯು ಜೊತೆ ಮಾತಾಡಲು ಇರುವ ಓಬಿಡಿ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಅಡಾಪ್ಟರ್, ಫೋನಿನಲ್ಲಿ ಒಂದು ಆ್ಯಪ್. ಬಂದ ಕೋಡ್ ಪಿ0303: ಮೂರನೇ ಸಿಲಿಂಡರ್ ಮಿಸ್‌ಫೈರ್. ಪಿ0203 ಬಂದಿರಲಿಲ್ಲ. ಅದು ಬಂದಿದ್ದರೆ ಮೂರನೇ ಇಂಜೆಕ್ಟರಿನ ವೈರಿಂಗ್ ಅಥವಾ ಅದರೊಳಗಿನ ಕಾಯಿಲ್ ಕಡೆ ನೇರವಾಗಿ ಹೋಗಬಹುದಿತ್ತು. ಪಿ0303 ಎಂದರೆ ಮೂರನೆಯದು ಸರಿಯಾಗಿ ಉರಿಯುತ್ತಿಲ್ಲ, ಅಷ್ಟೇ. ಕಿಡಿ ಇಲ್ಲವೋ, ಪೆಟ್ರೋಲ್ ಇಲ್ಲವೋ, ಕಂಪ್ರೆಶನ್ ಇಲ್ಲವೋ ಎಂದು ಇಸಿಯುಗೂ ಗೊತ್ತಿಲ್ಲ. ಕೋಡ್ ನೋಡಿ ಪಾರ್ಟು ಆರ್ಡರ್ ಮಾಡುವವರು ಇಲ್ಲೇ ದುಡ್ಡು ಕಳೆದುಕೊಳ್ಳುವುದು.

ಮುಂದೆ ಫ್ಯುಯಲ್ ಟ್ರಿಮ್. ಇಸಿಯು ತನ್ನ ಟೇಬಲ್ಲಿನ ಪ್ರಕಾರ ಪೆಟ್ರೋಲ್ ಕೊಡುತ್ತದೆ, ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ನೋಡಿ ಎಷ್ಟು ಕಡಿಮೆಯಾಯಿತು, ಎಷ್ಟು ಹೆಚ್ಚಾಯಿತು ಎಂದು ತಿದ್ದಿಕೊಳ್ಳುತ್ತದೆ. ಆ ತಿದ್ದುಪಡಿಯ ಶೇಕಡಾ ಲೆಕ್ಕವೇ ಟ್ರಿಮ್. ಪ್ಲಸ್ ಎಂದರೆ ಸಾಲುತ್ತಿಲ್ಲವೆಂದು ಸೇರಿಸುತ್ತಿದೆ, ಮೈನಸ್ ಎಂದರೆ ಜಾಸ್ತಿಯಾಯಿತೆಂದು ಕಳೆಯುತ್ತಿದೆ. ಆ ಕ್ಷಣದ ತಿದ್ದುಪಡಿ ಶಾರ್ಟ್, ಕಲಿತು ನೆನಪಿಟ್ಟದ್ದು ಲಾಂಗ್. ಎರಡನ್ನೂ ಕೂಡಿಸಿ ಓದಬೇಕು, ಐಡ್ಲಿಂಗಿನಲ್ಲೊಮ್ಮೆ, 2500 ಆರ್‌ಪಿಎಂನಲ್ಲಿ ಹಿಡಿದು ಇನ್ನೊಮ್ಮೆ. ಒಂದೇ ಕಡೆ ಓದಿದರೆ ಅರ್ಧ ಕಥೆಯಷ್ಟೇ ಸಿಗುತ್ತದೆ.

ಎಲ್ಲೋ ಗಾಳಿ ಎಳೆಯುತ್ತಿದ್ದರೆ (ಒಡೆದ ವ್ಯಾಕ್ಯೂಮ್ ಪೈಪು, ಸುಕ್ಕಾದ ಗ್ಯಾಸ್ಕೆಟ್ಟು, ಇಂಜೆಕ್ಟರಿನ ಕೆಳಗಿನ ರಬ್ಬರ್ ಓ-ರಿಂಗು) ಐಡ್ಲಿಂಗಿನಲ್ಲಿ ಪ್ಲಸ್ ಜೋರಾಗಿದ್ದು 2500ಕ್ಕೆ ಹೋದಾಗ ಇಳಿದುಬಿಡುತ್ತದೆ. ಇಂಜಿನ್ ಹೆಚ್ಚು ಗಾಳಿ ಕುಡಿಯುವಾಗ ಆ ಸಣ್ಣ ಸೋರಿಕೆಗೆ ಲೆಕ್ಕವಿಲ್ಲ. ಪಂಪು ಸೋತಿದ್ದರೆ ಅಥವಾ ಫಿಲ್ಟರ್ ಕಟ್ಟಿದ್ದರೆ ಉಲ್ಟಾ: ಲೋಡ್ ಹೆಚ್ಚಾದಂತೆ ಪ್ಲಸ್ ಏರುತ್ತದೆ. ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ ಐಡ್ಲಿಂಗಿನಲ್ಲಿ ಮೈನಸ್, ಬಿಸಿಯಲ್ಲಿ ಸ್ಟಾರ್ಟ್ ಮಾಡಲು ಒದ್ದಾಟ, ಡಿಪ್‌ಸ್ಟಿಕ್ ಎತ್ತಿದರೆ ಆಯಿಲಿನಲ್ಲಿ ಪೆಟ್ರೋಲ್ ವಾಸನೆ.

ನಮಗೆ ಸಿಕ್ಕಿದ್ದು ಐಡ್ಲಿಂಗಿನಲ್ಲಿ ಪ್ಲಸ್ 16, 2500ರಲ್ಲಿ ಪ್ಲಸ್ 12. ಎರಡೂ ಕಡೆ ಪ್ಲಸ್, ಹತ್ತಿರ ಹತ್ತಿರ. ಗಾಳಿ ಸೋರಿಕೆಯ ಚಹರೆ ಇದಲ್ಲ. ಆದರೂ ಪೆಟ್ರೋಲ್ ಕಡಿಮೆಯೆಂದು ಇಷ್ಟರಿಂದಲೇ ತೀರ್ಮಾನಿಸುವ ಹಾಗಿಲ್ಲ, ಯಾಕೆಂದರೆ ಇಲ್ಲೊಂದು ಮೋಸವಿದೆ. ಕಿಡಿ ತಪ್ಪಿ ಮಿಸ್ ಹೊಡೆದರೂ ಆ ಸಿಲಿಂಡರಿನ ಗಾಳಿ ಉರಿಯದೆ ಹಾಗೇ ಹೊರಬರುತ್ತದೆ. ಸೆನ್ಸರ್ ಪೆಟ್ರೋಲನ್ನು ನೋಡುವುದಿಲ್ಲ, ಆಮ್ಲಜನಕವನ್ನು ನೋಡುತ್ತದೆ. ಅದರ ಕಣ್ಣಿಗೆ ಅದೂ "ಪೆಟ್ರೋಲ್ ಸಾಲದು" ಎಂದೇ ಕಾಣುತ್ತದೆ. ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಹಾಳಾದ ಕಾರಿಗೆ ಇಂಜೆಕ್ಟರ್ ಹಾಕಿಸಿಕೊಂಡವರು ಇದ್ದಾರೆ.

ಆದ್ದರಿಂದ ಕಿಡಿ ಕಡೆಯದನ್ನು ಮೊದಲು ಮುಗಿಸಿದೆ. ಮೂರನೇ ಇಗ್ನಿಷನ್ ಕಾಯಿಲ್ ತೆಗೆದು ಎರಡಕ್ಕೆ, ಎರಡನೆಯದು ಮೂರಕ್ಕೆ. ಕೋಡ್ ಅಳಿಸಿ ಓಡಿಸಿದಾಗ ಮತ್ತೆ ಪಿ0303. ಕಾಯಿಲ್ ಜೊತೆ ಕಾಯಿಲೆ ಹೋಗಲಿಲ್ಲ. ಪ್ಲಗ್ಗು ಬಿಚ್ಚಿದಾಗ ಗೇಜಿಗಿಂತ ಹೆಚ್ಚು ಮಾತಾಡಿದ್ದು ಅವುಗಳ ಬಣ್ಣ. ಒಂದು, ಎರಡು, ನಾಲ್ಕನೆಯವು ಕಂದು ದಾಟಿ ಕಪ್ಪಿನ ಕಡೆ ವಾಲಿದ್ದವು. ಮೂರನೆಯದು ಮಾತ್ರ ಬಿಳಚಿಕೊಂಡಿತ್ತು. ಪ್ಲಗ್ಗು ಹೊರಗಿದ್ದಾಗಲೇ, ಪಂಪಿನ ರಿಲೇ ತೆಗೆದು, ಕಾಯಿಲ್ ಕಪ್ಲರ್‌ಗಳನ್ನು ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿಸಿ ಕಂಪ್ರೆಶನ್ ನೋಡಿದೆ. ನಾಲ್ಕೂ 12 ಬಾರ್ ಮೇಲೆ, ಒಂದಕ್ಕೊಂದು ಅರ್ಧ ಬಾರ್ ಒಳಗೆ. ಹೆಡ್ಡು, ವಾಲ್ವು, ರಿಂಗು ಯಾವುದರ ತಂಟೆಯೂ ಇಲ್ಲ.

ಮೂರು ಕಪ್ಪು, ಒಂದು ಬಿಳಿ. ಕಪ್ಪು ಎಂದರೆ ಪೆಟ್ರೋಲ್ ಹೆಚ್ಚು, ಬಿಳಿ ಎಂದರೆ ಕಡಿಮೆ. ಈ ಇಂಜಿನ್ನಿಗೆ ಕನ್ವರ್ಟರಿಗಿಂತ ಮುಂಚೆ ಇರುವುದು ಒಂದೇ ಆಕ್ಸಿಜನ್ ಸೆನ್ಸರ್, ನಾಲ್ಕು ಸಿಲಿಂಡರಿನ ಹೊಗೆ ಕೂಡಿದ ಜಾಗದಲ್ಲಿ. ಅದಕ್ಕೆ ಕಾಣುವುದು ಸರಾಸರಿ ಮಾತ್ರ. ಮೂರನೆಯದು ಕಡಿಮೆ ಸಿಂಪಡಿಸಿದರೆ ಸರಾಸರಿ ಇಳಿಯುತ್ತದೆ, ಇಸಿಯು ನಾಲ್ಕಕ್ಕೂ ಸಮನಾಗಿ ಹೆಚ್ಚಿಸುತ್ತದೆ. ಪಂಕ್ತಿಯಲ್ಲಿ ಕೂತ ಒಬ್ಬನಿಗೆ ಸಾರು ಸಾಲಲಿಲ್ಲವೆಂದು ನಾಲ್ವರ ಎಲೆಗೂ ಇನ್ನೊಂದೊಂದು ಸೌಟು ಬಡಿಸಿದ ಹಾಗೆ. ಮೂವರಿಗೆ ಹೆಚ್ಚಾಗಿ ಎಲೆ ತುಂಬಿ ಹರಿಯುತ್ತದೆ, ನಾಲ್ಕನೆಯವನ ಸೌಟಿನಲ್ಲೇ ತೂತಿದ್ದರೆ ಅವನಿಗೆ ಆಗಲೂ ಸಾಲದು. ಆರೋಗ್ಯವಾಗಿದ್ದ ಮೂರು ಸಿಲಿಂಡರಿನ ಪ್ಲಗ್ಗು ಕಪ್ಪಾದದ್ದೂ, ಮೈಲೇಜು ಬಿದ್ದದ್ದೂ ಇದರಿಂದಲೇ. ಪೆಟ್ರೋಲ್ ಕಡಿಮೆ ಸುರಿಯುವ ಇಂಜೆಕ್ಟರಿನಿಂದ ಪೆಟ್ರೋಲ್ ಖರ್ಚು ಹೆಚ್ಚಾಗುವುದು ಹೇಗೆಂದು ಭಾವ ಕೇಳಿದ್ದಕ್ಕೆ ಈ ಪ್ಲಗ್ಗುಗಳನ್ನೇ ಸಾಲಾಗಿ ಇಟ್ಟು ತೋರಿಸಿದೆ.

ಇಲಿ, ಸ್ಕ್ರೂಡ್ರೈವರ್, ಮೀಟರ್

ಮಲೆನಾಡಿನ ಶೆಡ್ಡಿನಲ್ಲಿ ನಿಲ್ಲುವ ಕಾರು ಎಂದ ಮೇಲೆ ಇಲಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬ್ಯಾಟರಿ ಟ್ರೇ ಹಿಂದೆ ಅಡಿಕೆ ಸಿಪ್ಪೆಯ ಗೂಡೇ ಇತ್ತು. ಇಂಜೆಕ್ಟರ್ ವೈರಿನ ಮೇಲಿನ ಟೇಪು, ಕೊಳವೆ ಎರಡನ್ನೂ ಕಡಿದಿತ್ತು. ಒಳಗಿನ ವೈರು ಅದೃಷ್ಟಕ್ಕೆ ಉಳಿದಿತ್ತು. ಒಂದೊಂದೇ ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಹೊಸ ಬಟ್ಟೆ ಟೇಪು ಸುತ್ತಿದೆ. ಕಪ್ಲರ್ ಕಳಚಿ ಪಿನ್ನಿನಲ್ಲಿ ಹಸಿರು ಕಿಲುಬು ಇದೆಯೇ ಎಂದೂ ನೋಡಬೇಕು. ಜುಲೈ ತಿಂಗಳ ತೇವಕ್ಕೆ ಅದು ಸಾಮಾನ್ಯ.

ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜೆಕ್ಟರ್ ಮೈಗೆ, ಹಿಡಿ ಕಿವಿಗೆ. ಇಂಜಿನ್ ಓಡುವಾಗ ನಾಲ್ಕರಲ್ಲೂ ಟಿಕ್‌ಟಿಕ್ ಒಂದೇ ಬಿರುಸಾಗಿ ಕೇಳಬೇಕು. ಕೇಳಿಸಿತು, ಮೂರನೆಯದರಲ್ಲೂ. ಎಂದರೆ ಸೂಜಿ ಏಳುತ್ತಿದೆ, ಬೀಳುತ್ತಿದೆ. ಆಮೇಲೆ ಇಂಜಿನ್ ಆಫ್ ಮಾಡಿ, ಕಪ್ಲರ್ ಕಳಚಿ ಓಮ್ ಅಳೆದೆ. ಈ ಜಾತಿಯ ಇಂಜೆಕ್ಟರ್‌ಗಳು ಸಾಮಾನ್ಯವಾಗಿ 12ರಿಂದ 16 ಓಮ್ ತೋರಿಸುತ್ತವೆ. ನಮ್ಮವು ನಾಲ್ಕೂ 14ರ ಅಕ್ಕಪಕ್ಕ. ಸಂಖ್ಯೆ ಎಷ್ಟೆನ್ನುವುದಕ್ಕಿಂತ ನಾಲ್ಕೂ ಒಂದೇ ಆಗಿರುವುದು ಮುಖ್ಯ. ಕಪ್ಲರಿಗೆ ಎಲ್‌ಇಡಿ ಟೆಸ್ಟರ್ ಚುಚ್ಚಿ ಕ್ರ್ಯಾಂಕ್ ಮಾಡಿಸಿದಾಗ ಸರಿಯಾಗಿ ಮಿನುಗಿತು. ಇಲ್ಲಿ ಹೆಡ್‌ಲೈಟ್ ಬಲ್ಬಿನಂಥದ್ದನ್ನು ಚುಚ್ಚಬಾರದು. ಅದು ಎಳೆಯುವ ಕರೆಂಟಿಗೆ ಇಸಿಯು ಒಳಗಿನ ಟ್ರಾನ್ಸಿಸ್ಟರ್ ಸುಟ್ಟೀತು.

ಗಾಳಿ ಸೋರಿಕೆಯ ಅನುಮಾನ ಪೂರ್ತಿ ಹೋಗಲೆಂದು ತಣ್ಣಗಿನ ಇಂಜಿನ್ ಆಗಷ್ಟೇ ಸ್ಟಾರ್ಟ್ ಮಾಡಿ ಇಂಜೆಕ್ಟರ್ ಬುಡಕ್ಕೆ ಚೂರು ಕಾರ್ಬ್ ಕ್ಲೀನರ್ ಹೊಡೆದೆ. ಸೋರುತ್ತಿದ್ದರೆ ಅದನ್ನೂ ಒಳಗೆಳೆದುಕೊಂಡು ಆರ್‌ಪಿಎಂ ಬದಲಾಗುತ್ತದೆ, ಬದಲಾಗಲಿಲ್ಲ. ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ ಇದನ್ನು ಮಾಡಬೇಡಿ, ಭಗ್ ಎಂದು ಹತ್ತಿಕೊಳ್ಳುತ್ತದೆ. ಪೆಟ್ರೋಲ್ ಒತ್ತಡವನ್ನೂ ಗೇಜ್ ಹಾಕಿ ನೋಡಿದ್ದಾಯಿತು, ಸರಿಯಿತ್ತು. ನಿಜ ಹೇಳಬೇಕೆಂದರೆ ಒತ್ತಡ ಕಡಿಮೆಯಿದ್ದರೆ ನಾಲ್ಕೂ ಬಡವಾಗಬೇಕಿತ್ತು, ಮೂರನೆಯದೊಂದೇ ಅಲ್ಲ.

ಕರೆಂಟು ಬರುತ್ತಿದೆ, ಸೂಜಿ ಏಳುತ್ತಿದೆ, ಒತ್ತಡವಿದೆ, ಆದರೂ ಪೆಟ್ರೋಲ್ ಕಡಿಮೆ. ಉಳಿದದ್ದು ತುದಿಯ ತೂತು ಮತ್ತು ಮೇಲ್ಬಾಯಿಯಲ್ಲಿ ಕಸ ತಡೆಯುವ ಜಾಲರಿ.

ಬಿಚ್ಚಿದ್ದು

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಪಂಪಿನ ರಿಲೇ ಕಿತ್ತು ಸ್ಟಾರ್ಟ್ ಮಾಡಿದರೆ ಪೈಪಿನಲ್ಲಿದ್ದಷ್ಟು ಕುಡಿದು ತಾನೇ ನಿಲ್ಲುತ್ತದೆ. ಆಮೇಲೆ ಇನ್ನೊಮ್ಮೆ ಕ್ರ್ಯಾಂಕ್ ಮಾಡಿ ಉಳಿದ ಒತ್ತಡವನ್ನೂ ಇಳಿಸಿ, ಬ್ಯಾಟರಿಯ ಮೈನಸ್ ತೆಗೆದಿಟ್ಟೆ. ಬೆಳಕಿಗೆ ಎಲ್‌ಇಡಿ ಟಾರ್ಚು ಮಾತ್ರ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಭಾವನ ಬೀಡಿ ಕಟ್ಟು ಅಕ್ಕನ ವಶಕ್ಕೆ.

ರೈಲ್ (ನಾಲ್ಕೂ ಇಂಜೆಕ್ಟರಿಗೆ ಪೆಟ್ರೋಲ್ ಹಂಚುವ ಪೈಪು) ಎತ್ತುವ ಮೊದಲು ಮಾಡಲೇಬೇಕಾದ, ಹೆಚ್ಚಿನವರು ಮಾಡದ ಕೆಲಸವೊಂದಿದೆ: ಇಂಜೆಕ್ಟರ್ ಕೂತ ಗುಂಡಿಯ ಸುತ್ತ ಶುಚಿ ಮಾಡುವುದು. ನಮ್ಮ ಕಡೆಯ ಕೆಂಪು ಧೂಳು ಆಯಿಲ್ ಜೊತೆ ಸೇರಿ ಅಲ್ಲಿ ಗಟ್ಟಿಯಾಗಿ ಕಟ್ಟಿರುತ್ತದೆ. ಹಾಗೇ ಎತ್ತಿದರೆ ಅಷ್ಟೂ ಪೋರ್ಟಿನೊಳಗೆ ಬಿದ್ದು, ಮುಂದಿನ ಸ್ಟಾರ್ಟಿಗೆ ವಾಲ್ವ್ ಮೂಲಕ ಸಿಲಿಂಡರಿಗೆ ಹೋಗುತ್ತದೆ. ಬ್ರಷ್ಷಿನಿಂದ ಕೆರೆದು, ಸೈಕಲ್ ಪಂಪಿನಿಂದ ಊದಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ರೈಲಿಗೆ ಇರುವುದು 10 ನಂಬರಿನ ಎರಡು ಬೋಲ್ಟು. ಬಿಚ್ಚಿ, ರೈಲನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತ ನೇರವಾಗಿ ಮೇಲಕ್ಕೆ. ಸ್ಕ್ರೂಡ್ರೈವರ್ ಹಾಕಿ ಮೀಟಬಾರದು, ಕೆಳಗಿನ ಇನ್‌ಟೇಕ್ ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದು. ರೈಲಿನಲ್ಲಿ ಉಳಿದ ಪೆಟ್ರೋಲ್ ಸುರಿಯುತ್ತದೆ, ಕೆಳಗೆ ಬಟ್ಟೆ ಇರಲಿ. ಎತ್ತಿದ ಕೂಡಲೇ ನಾಲ್ಕು ಗುಂಡಿಗೂ ಶುದ್ಧ ಬಟ್ಟೆಯ ಬಿರಟೆ ಹಾಕಿ, ಪ್ರತಿ ಇಂಜೆಕ್ಟರಿಗೂ ಟೇಪು ಅಂಟಿಸಿ ನಂಬರ್ ಬರೆದೆ. ನಂಬರ್ ತಪ್ಪಿಹೋದರೆ ಇಷ್ಟು ಹೊತ್ತು ಮಾಡಿದ ಪತ್ತೇದಾರಿ ನೀರಿನಲ್ಲಿ ಹೋಮ.

ಓ-ರಿಂಗುಗಳು ಚಪ್ಪಟೆಯಾಗಿ ಗಟ್ಟಿಯಾಗಿದ್ದವು, ಉಗುರಿನಲ್ಲಿ ಒತ್ತಿದರೆ ಗುರುತೇ ಬೀಳದಷ್ಟು. ಮೂರನೆಯದರ ಮೇಲ್ಬಾಯಿಯೊಳಗಿನ ಸಣ್ಣ ಜಾಲರಿಯಲ್ಲಿ ಕಂದು ಗಸಿ ಕೂತದ್ದು ಬರಿಗಣ್ಣಿಗೇ ಕಾಣುತ್ತಿತ್ತು. ಉಳಿದವುಗಳಲ್ಲೂ ಇತ್ತು, ಕಡಿಮೆ.

ಈ ಹಂತದಲ್ಲಿ ಮೂರನೆಯದನ್ನು ಒಂದನೇ ಜಾಗಕ್ಕೆ ಹಾಕಿ, ಕೋಡ್ ಪಿ0301 ಆಗುತ್ತದೆಯೇ ಎಂದು ನೋಡುವುದೂ ಒಳ್ಳೆಯ ಪರೀಕ್ಷೆಯೇ. ನಾನು ಮಾಡಲಿಲ್ಲ. ಹಳೆಯ ಓ-ರಿಂಗನ್ನು ಮತ್ತೆ ಕೂರಿಸಿ ಪೆಟ್ರೋಲ್ ಒತ್ತಡ ಕೊಡಲು ನನಗೆ ಧೈರ್ಯವಿಲ್ಲ. ಇಂಜೆಕ್ಟರ್ ಹರಿವು ಅಳೆಯುವ ಬೆಂಚಿನಲ್ಲಿ ಅಳೆಸಿದರೆ ಅದೇ ಉತ್ತರ ಸಂಖ್ಯೆಯಲ್ಲೇ ಸಿಗುತ್ತದೆ.

ಬೆಂಚಿನ ಮೇಲೆ

ಶಿವಮೊಗ್ಗದಲ್ಲಿ ಇಂಜೆಕ್ಟರ್ ಬೆಂಚ್ ಇಟ್ಟುಕೊಂಡ ಅಂಗಡಿಗೆ ಒಯ್ದೆ. ನಾಲ್ಕು ಗಾಜಿನ ಅಳತೆ ಕೊಳವೆ, ಮೇಲೆ ರೈಲು, ಪಕ್ಕದಲ್ಲಿ ಅಲ್ಟ್ರಾಸಾನಿಕ್ ತೊಟ್ಟಿ. ಹುಡುಗ ನೇರವಾಗಿ ತೊಟ್ಟಿಗೆ ಹಾಕಲು ಹೊರಟ.

"ಮೊದಲು ಹಾಗೇ ಅಳೀರಿ, ಆಮೇಲೆ ತೊಳೀರಿ," ಅಂದೆ.

"ತೊಳೆದ್ಮೇಲೆ ರಿಪೋರ್ಟ್ ಕೊಡ್ತೀವಲ್ಲ ಸಾರ್."

"ತೊಳೆಯೋಕ್ ಮುಂಚಿನದೇ ನನಗೆ ಬೇಕಾಗಿರೋದು."

ತೊಳೆದ ಮೇಲಿನ ಅಂಕಿ ಕೆಲಸ ಆಯಿತೆಂದು ಹೇಳುತ್ತದೆ. ಕಾರಿನ ತೊಂದರೆ ಇಂಜೆಕ್ಟರಿನದೇ ಆಗಿತ್ತೋ ಎಂದು ಹೇಳುವುದು ಮುಂಚಿನ ಅಂಕಿ ಮಾತ್ರ. ಅದನ್ನು ತೆಗೆದುಕೊಳ್ಳದೆ ತೊಳೆಸಿ, ಕಾರಿಗೆ ಹಾಕಿ, ಮಿಸ್ಸಿಂಗ್ ಹಾಗೇ ಉಳಿದರೆ ಮತ್ತೆ ಮೊದಲಿನಿಂದ ಹುಡುಕಬೇಕು.

ಮೂರು ಬಾರ್ ಒತ್ತಡದಲ್ಲಿ, 30 ಸೆಕೆಂಡ್ ಪೂರ್ತಿ ತೆರೆದು ಹಿಡಿದಾಗ ಕೊಳವೆಗಳಲ್ಲಿ ನಿಂತದ್ದು: 68, 67, 52, 69 ಮಿ.ಲೀ. ಬೆಂಚಿನ ಲೈಟ್ ಹಾಕಿದಾಗ ಮೂರು ಇಂಜೆಕ್ಟರ್ ಕೆಳಗೆ ಮಂಜಿನ ಕೋನ, ಮೂರನೆಯದರ ಕೆಳಗೆ ಒಂದು ಗೆರೆ. "ಇದು ಸ್ಪ್ರೇ ಅಲ್ಲ ಸಾರ್, ಧಾರೆ," ಅಂದ ಹುಡುಗ. ಮುಚ್ಚಿಟ್ಟು ಒತ್ತಡ ಕೊಟ್ಟಾಗ ಯಾವುದೂ ತೊಟ್ಟಿಕ್ಕಲಿಲ್ಲ.

ಟ್ರಿಮ್ಮಿನ ಲೆಕ್ಕ ಇಲ್ಲಿ ಕೂಡಿಬಂತು. ಮೂರನೆಯದು ಉಳಿದವಕ್ಕಿಂತ ಶೇ. 23ರಷ್ಟು ಕಡಿಮೆ, ನಾಲ್ಕರಲ್ಲಿ ಹಂಚಿದರೆ ಸರಾಸರಿ ಸುಮಾರು ಶೇ. 6 ಕುಸಿತ. ಇಸಿಯು ನಾಲ್ಕಕ್ಕೂ ಆರು ಸೇರಿಸಿದರೆ ಮೂರು ಸಿಲಿಂಡರಿಗೆ ಆರು ಹೆಚ್ಚು, ಮೂರನೆಯದಕ್ಕೆ ಆಗಲೂ ಹದಿನೆಂಟರಷ್ಟು ಕಡಿಮೆ. ಬೆಳಿಗ್ಗೆಯ ಗಡಗಡಕ್ಕೆ ಧಾರೆಯೂ ಕಾರಣ: ತಣ್ಣಗಿನ ಪೋರ್ಟಿನಲ್ಲಿ ಧಾರೆ ಗೋಡೆಗೆ ಬಡಿದು ಹರಿಯುತ್ತದೆಯೇ ಹೊರತು ಗಾಳಿಯಲ್ಲಿ ಬೆರೆಯುವುದಿಲ್ಲ. ಬಿಸಿಯಾದ ಮೇಲೆ ಗೋಡೆಯೇ ಅದನ್ನು ಆವಿ ಮಾಡಿಕೊಡುತ್ತದೆ. ಘಾಟಿಯಲ್ಲಿ ಇಂಜಿನ್ ಕೇಳುವ ಪೆಟ್ರೋಲ್ ಜಾಸ್ತಿ, ಅಲ್ಲಿ ಕೊರತೆ ಮತ್ತೆ ಬಯಲಾಗುತ್ತದೆ.

ಪ್ಲಸ್ 12ರಲ್ಲಿ ಆರು ಇಂಜೆಕ್ಟರಿನದು ಸರಿ. ಇನ್ನುಳಿದ ಆರು? ಅದಕ್ಕೆ ಆಮೇಲೆ ಬರುತ್ತೇನೆ.

ಹಳೆಯ ಜಾಲರಿಗಳನ್ನು ತಿರುಪು ಹಾಕಿ ಎಳೆದು ತೆಗೆದು, ಬಿಸಿ ದ್ರಾವಣದ ತೊಟ್ಟಿಯಲ್ಲಿ ಇಂಜೆಕ್ಟರ್ ತುದಿ ಮುಳುಗಿಸಿ, ತೊಟ್ಟಿ ನಡುಗುವಾಗಲೇ ಕರೆಂಟು ಕೊಟ್ಟು ಸೂಜಿಯನ್ನೂ ಆಡಿಸುತ್ತಾರೆ. ಈ ಆಡಿಸುವುದು ಮುಖ್ಯ, ಸೂಜಿ ಮುಚ್ಚಿದ್ದರೆ ಅದರ ಸೀಟು ತೊಳೆಯುವುದೇ ಇಲ್ಲ. ಆಮೇಲೆ ಉಲ್ಟಾ ಹಿಡಿದು ಹಿಂದಿನಿಂದ ದ್ರವ ಹಾಯಿಸಿದರು. ಹೊಸ ಜಾಲರಿ ಹಾಕಿ ಮತ್ತೆ ಅಳೆದಾಗ 70, 69, 67, 70. ಹೆಚ್ಚು-ಕಡಿಮೆಯ ಅಂತರ ಶೇ. 5ರ ಒಳಗೆ. ಮೂರನೆಯದರಲ್ಲೂ ಕೋನ ಬಂತು, ಒಂದು ಬದಿ ಸ್ವಲ್ಪ ತೆಳು. ರಸ್ತೆ ಕಾರಿಗೆ ಇಷ್ಟು ಸಾಕು. ಮೂರನೆಯದು 60ರಲ್ಲೇ ನಿಂತಿದ್ದರೆ ಅದೊಂದನ್ನು ಬದಲಾಯಿಸುತ್ತಿದ್ದೆ, ಅದೇ ಪಾರ್ಟ್ ನಂಬರಿನದು ತಂದು, ಅದನ್ನೂ ಇದೇ ಬೆಂಚಿನಲ್ಲಿ ಅಳೆಸಿ. ಡಬ್ಬಿಯಲ್ಲಿ ಬಂದ ಹೊಸದು ಎಂದ ಮಾತ್ರಕ್ಕೆ ಹರಿವು ಉಳಿದ ಮೂರಕ್ಕೆ ಹೊಂದುತ್ತದೆಂಬ ಭರವಸೆಯಿಲ್ಲ, ಅಗ್ಗದ ನಕಲಿ ಮಾಲಿನಲ್ಲಂತೂ ಇಲ್ಲವೇ ಇಲ್ಲ.

ಮನೆಯಲ್ಲೇ ಒಂಬತ್ತು ವೋಲ್ಟ್ ಬ್ಯಾಟರಿ, ಕಾರ್ಬ್ ಕ್ಲೀನರ್ ಡಬ್ಬಿ, ಸಿರಿಂಜು ಹಿಡಿದು ಇಂಜೆಕ್ಟರ್ ತೊಳೆಯುವ ವಿಡಿಯೋಗಳು ಬೇಕಾದಷ್ಟಿವೆ. ಅಂಟಿಕೊಂಡ ಸೂಜಿ ಬಿಡಿಸಲು ಅದು ಸಾಕಾದೀತು. ಆದರೆ ಎಷ್ಟು ಹರಿಯುತ್ತಿದೆ ಎಂದು ತಿಳಿಯುವುದಿಲ್ಲ, ವೈರು ತಾಗಿಸುವ ಕಿಡಿ ಮತ್ತು ಕಾರ್ಬ್ ಕ್ಲೀನರಿನ ಆವಿ ಒಂದೇ ಜಾಗದಲ್ಲಿರುತ್ತವೆ, ಬ್ಯಾಟರಿಯನ್ನು ತಾಗಿಸಿಯೇ ಹಿಡಿದರೆ ಕಾಯಿಲ್ ಬಿಸಿಯಾಗಿ ಸುಡುತ್ತದೆ. ನನಗೆ ಒಪ್ಪಿಗೆಯಿಲ್ಲ. ಟ್ಯಾಂಕಿಗೆ ಸುರಿಯುವ ಬಾಟಲಿ ಕ್ಲೀನರ್‌ಗಳಲ್ಲಿ ಪಾಲಿಈಥರ್‌ಅಮೀನ್ ಇರುವವು ತೆಳು ಮೇಣವನ್ನು ನಿಧಾನಕ್ಕೆ ಕರಗಿಸುತ್ತವೆ. ಕಾಯಿಲೆ ಬರುವ ಮುಂಚೆ ಅವು ಸರಿ. ಜಾಲರಿಯ ಕಸಕ್ಕೆ ಬಾಟಲಿಯಲ್ಲಿ ಮದ್ದಿಲ್ಲ.

ಕೂರಿಸಿದ್ದು, ಉಳಿದ ಆರು

ಓ-ರಿಂಗು ಎಥನಾಲ್ ತಾಳುವ ವೈಟಾನ್ ಜಾತಿಯದೇ ಆಗಲಿ ಎಂದು ಕೇಳಿ ತಂದೆ. ಅಂಗಡಿಯಲ್ಲಿ ಹಸಿರು, ಕಂದು ಎಂದು ಬಣ್ಣ ತೋರಿಸಿ ಮಾರುತ್ತಾರೆ. ಬಣ್ಣ ಯಾವ ಖಾತ್ರಿಯೂ ಅಲ್ಲ, ಪ್ಯಾಕೆಟ್ ಮೇಲೆ ಬರೆದಿರಬೇಕು. ಸವರಲು ಒಂದು ಹನಿ ಹೊಸ ಇಂಜಿನ್ ಆಯಿಲ್ ಸಾಕು. ಸಿಲಿಕೋನ್ ಗ್ರೀಸ್ ಬೇಡ, ಅದರ ಆವಿ ಆಕ್ಸಿಜನ್ ಸೆನ್ಸರಿಗೆ ವಿಷ. ಮೊದಲು ನಾಲ್ಕನ್ನೂ ರೈಲಿಗೆ ಕೂರಿಸಿ, ಕ್ಲಿಪ್ ಹಾಕಿ, ರೈಲನ್ನು ನಾಲ್ಕು ಗುಂಡಿಗೂ ಒಟ್ಟಿಗೆ ಇಳಿಸಿ ಅಂಗೈಯಲ್ಲಿ ಒತ್ತಿದೆ. ಕೂತ ಮೇಲೆ ಪ್ರತಿ ಇಂಜೆಕ್ಟರೂ ಬೆರಳಲ್ಲಿ ತಿರುಗಿಸಿದರೆ ತಿರುಗಬೇಕು. ತಿರುಗದಿದ್ದರೆ ಒಳಗೆ ಓ-ರಿಂಗು ಮಡಚಿದೆ. ಬೋಲ್ಟುಗಳನ್ನು ಎರಡೂ ಕಡೆ ಸಮನಾಗಿ, ಹದವಾಗಿ ಬಿಗಿದೆ. ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಹಿತ್ತಾಳೆ ಮರೆ ಕಿತ್ತುಬಂದರೆ ಮ್ಯಾನಿಫೋಲ್ಡೇ ಹೋಯಿತು.

ಸ್ಟಾರ್ಟ್ ಮಾಡದೆ ಕೀಯನ್ನು ಮಾತ್ರ ಆನ್-ಆಫ್ ಮಾಡುತ್ತ ಪಂಪಿಗೆ ಒತ್ತಡ ಕಟ್ಟಲು ಬಿಟ್ಟು, ಟಾರ್ಚ್ ಹಿಡಿದು ಎಂಟು ಓ-ರಿಂಗಿನ ಜಾಗವನ್ನೂ ನೋಡಿ, ಮೂಗಿನಿಂದಲೂ ಪರೀಕ್ಷಿಸಿದೆ. ಒಣಗಿತ್ತು. ಸ್ಟಾರ್ಟ್ ಆದ ಕೂಡಲೇ ಸ್ವಲ್ಪ ತಡವರಿಸಿ, ಆಮೇಲೆ ಆರ್‌ಪಿಎಂ ಮುಳ್ಳು ಅಲುಗದೆ ನಿಂತಿತು. ಕೋಡ್ ಅಳಿಸಿ, ಹಳೆಯ ಟ್ರಿಮ್ಮಿನ ಕಲಿಕೆಯನ್ನೂ ಅಳಿಸಿದೆ. ಇಲ್ಲದಿದ್ದರೆ ಗುಣವಾದ ಇಂಜೆಕ್ಟರಿಗೂ ಇಸಿಯು ಹಳೆಯ ಲೆಕ್ಕದಲ್ಲೇ ಸ್ವಲ್ಪ ದಿನ ಹೆಚ್ಚು ಸುರಿಯುತ್ತದೆ.

ಮಂಡಗದ್ದೆವರೆಗೆ ಹೋಗಿ ಬಂದು ಓದಿದಾಗ ಐಡ್ಲಿಂಗಿನಲ್ಲಿ ಪ್ಲಸ್ 6, 2500ರಲ್ಲೂ ಪ್ಲಸ್ 6. ಮಿಸ್‌ಫೈರ್ ಲೆಕ್ಕ ಸೊನ್ನೆ.

"ಇದೂ ಸೊನ್ನೆ ಆಗ್ಬೇಕಲ್ಲನೋ? ಇನ್ನೂ ಆರು ಉಳೀತಲ್ಲ," ಎಂದರು ಭಾವ.

"ಅದು ಇಂಜೆಕ್ಟರಿನದಲ್ಲ ಭಾವ, ಪೆಟ್ರೋಲಿನದು."

ಈ ಕಾರು ಹೊಸದಿದ್ದ 2014ರಲ್ಲಿ ದೇಶದ ಪೆಟ್ರೋಲಿನಲ್ಲಿ ಸರಾಸರಿ ಎಥನಾಲ್ ಶೇ. 1.5ರ ಹತ್ತಿರ. 2022ರ ಜೂನಿಗೆ ಅದು 10 ಮುಟ್ಟಿತು, 2025ಕ್ಕೆ 20. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆ.ಜಿ. ಗಾಳಿ ಬೇಕು, ಎಥನಾಲಿಗೆ 9 ಸಾಕು. ಇ20ಗೆ (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ಲೆಕ್ಕ 13.5ರಷ್ಟಕ್ಕೆ ಬರುತ್ತದೆ. ಅಂದರೆ ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಲೀಟರ್ ಲೆಕ್ಕದಲ್ಲಿ ಶೇ. 7-8 ಹೆಚ್ಚು ಇ20 ಸುರಿಯಬೇಕು. ಹಳೆಯ ಪೆಟ್ರೋಲಿಗೆ ಬರೆದ ಟೇಬಲ್ಲಿರುವ ಇಸಿಯು ಆ ಹೆಚ್ಚಳವನ್ನು ಟ್ರಿಮ್ಮಿನಲ್ಲೇ ತುಂಬಿಕೊಳ್ಳುತ್ತದೆ. ಇಂಥ ಕಾರಿನಲ್ಲಿ ಇವತ್ತು ಪ್ಲಸ್ 6 ಕಂಡರೆ ಗಾಬರಿಯಾಗಿ ಇಂಜೆಕ್ಟರ್ ಬಿಚ್ಚಬೇಕಿಲ್ಲ. ಸೊನ್ನೆಯೋ ಮೈನಸ್ಸೋ ಕಂಡರೆ ಆಗ ನಾನು ತೊಟ್ಟಿಕ್ಕುವ ಇಂಜೆಕ್ಟರ್ ಹುಡುಕುತ್ತೇನೆ. ಹಳೆಯ ಫೋರಂಗಳಲ್ಲಿ, ಪುಸ್ತಕಗಳಲ್ಲಿ ಬರೆದ "ಸೊನ್ನೆಯ ಅಕ್ಕಪಕ್ಕ" ಎಂಬ ಮಾತನ್ನು ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿಗೆ ತಿದ್ದಿ ಓದಿಕೊಳ್ಳಬೇಕು. ಮೂಲ ಟೇಬಲ್ಲಿನಲ್ಲಿ ಇಲ್ಲದ ಈ ಆರು ಮೊದಲೇ ಖರ್ಚಾಗಿರುವುದರಿಂದ ಇಸಿಯು ತಿದ್ದಬಲ್ಲ ಮಿತಿಯೂ ಅಷ್ಟು ಕಡಿಮೆಯಾಗಿದೆ. ಮುಂಚೆ ಯಾರಿಗೂ ಗೊತ್ತಾಗದೆ ಸಾಗುತ್ತಿದ್ದ ಅರೆಕಟ್ಟಿದ ಇಂಜೆಕ್ಟರ್ ಈಗ ಬೇಗ ಲೈಟ್ ಹೊತ್ತಿಸುತ್ತದೆ.

ಇಲ್ಲಿ ಬರೆದದ್ದೆಲ್ಲ ಪೋರ್ಟಿಗೆ ಸಿಂಪಡಿಸುವ ಪೆಟ್ರೋಲ್ ಕಾರಿಗೆ ಮಾತ್ರ. ಸಿಲಿಂಡರಿನೊಳಗೇ ನೇರ ಸಿಂಪಡಿಸುವ ಈಗಿನ ಟರ್ಬೊ ಪೆಟ್ರೋಲ್ ಇಂಜಿನ್ನುಗಳಲ್ಲಿ ರೈಲಿನ ಒತ್ತಡ ನೂರಾರು ಬಾರ್, ಕಾಮನ್‌ರೈಲ್ ಡೀಸೆಲ್‌ನಲ್ಲಿ 1600 ಬಾರ್, ಕೆಲವಲ್ಲಿ ಅದಕ್ಕೂ ಮೇಲೆ. ಓಡುವ ಡೀಸೆಲ್ ಇಂಜಿನ್ನಿನಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ನೋಡುವ ಹಳೆಯ ಲಾರಿ ಮೆಕ್ಯಾನಿಕ್‌ಗಳ ಅಭ್ಯಾಸ ಇಲ್ಲಿ ಕೈಯನ್ನೇ ತೆಗೆದೀತು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದದ್ದು. ಡೀಸೆಲ್ಲಿನಲ್ಲಿ ಮನೆಯಲ್ಲಿ ಮಾಡಬಹುದಾದದ್ದು ಒಂದೇ: ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ, ಐಡ್ಲಿಂಗಿನಲ್ಲಿ ಬಿಟ್ಟು, ಯಾವುದು ಬೇಗ ತುಂಬುತ್ತದೆ ಎಂದು ನೋಡುವುದು. ಬೇಗ ತುಂಬಿದ್ದು ಸವೆದಿದೆ. ಬಿಚ್ಚಿ ಬೇರೆ ಹಾಕಿದರೆ ಹೊಸದರ ಮೈಮೇಲಿನ ಕೋಡನ್ನು ಇಸಿಯುಗೆ ಬರೆಸಬೇಕಾದ ಕಾರುಗಳೇ ಹೆಚ್ಚು, ಅದಕ್ಕೆ ಸರಿಯಾದ ಸ್ಕ್ಯಾನರ್ ಇರುವವರ ಹತ್ತಿರವೇ ಹೋಗಬೇಕು.

ಭಾವನ ಕಾರಿನಲ್ಲಿ ಬಾಕಿ ಇರುವುದು ಜಾಲರಿಗೆ ಬಂದ ಆ ಕಂದು ಗಸಿಯ ಮೂಲ. ಮುಖ್ಯ ಫಿಲ್ಟರ್ ಟ್ಯಾಂಕಿನೊಳಗೆ ಪಂಪಿನ ಜೊತೆಯೇ ಇದೆ, ಹಿಂದಿನ ಸೀಟು ಎತ್ತಿ ತೆಗೆಯಬೇಕು. ಎಥನಾಲ್ ಹಳೆಯ ಟ್ಯಾಂಕಿನ ಗೋಡೆಗೆ ಅಂಟಿದ್ದನ್ನು ಬಿಡಿಸಿ ತರುತ್ತದೆ, ನನ್ನ ಅನುಮಾನ ಅಲ್ಲೇ. ಸದ್ಯಕ್ಕೆ 2500ರಲ್ಲಿ, ಏರಿನಲ್ಲಿ, ಎರಡೂ ಕಡೆ ಟ್ರಿಮ್ ಒಂದೇ ಇದೆ. ಫಿಲ್ಟರ್ ಕಟ್ಟಿದ್ದರೆ ಏರಿನಲ್ಲಿ ಏರುತ್ತಿತ್ತು. ಅಡಾಪ್ಟರನ್ನು ಭಾವನ ಬಳಿಯೇ ಬಿಟ್ಟು ಬಂದಿದ್ದೇನೆ. ಘಾಟಿ ಹತ್ತುವಾಗ ಪಕ್ಕದಲ್ಲಿ ಕೂತ ಅಕ್ಕ ಅಂಕಿ ಓದಿ ಬರೆದಿಡುವುದು ಎಂದಾಗಿದೆ. ಹತ್ತು ದಾಟಿದ ದಿನ ಹಿಂದಿನ ಸೀಟು ಎತ್ತುವುದು.